ಅಜ್ಜಿಯ ಡಬ್ಬಿಯ ನಾಣ್ಯ: ಗ್ರೇಡಿಂಗಿಗೆ ಕಳಿಸಬೇಕಾ, ಬೇಡವಾ?

ಕಳೆದ ಆಟಿ ತಿಂಗಳಲ್ಲಿ, ಹೊರಗೆ ಮಳೆ ಹೊಡೆಯುತ್ತಿದ್ದಾಗ, ಪಕ್ಕದ ಮನೆಯ ಹುಡುಗ ಒಂದು ಬಿಸ್ಕೆಟ್ ಡಬ್ಬಿ ಹಿಡಿದುಕೊಂಡು ಬಂದ. ಮಲ್ಪೆಯ ಅಜ್ಜಿ ಮನೆಯ ಕಪಾಟಿನಲ್ಲಿ ಸಿಕ್ಕಿದ್ದಂತೆ. ಒಳಗೆ 43 ನಾಣ್ಯ.

"ಮಾವ, ಇದರಲ್ಲಿ ಒಂದಕ್ಕೆ ಐದು ಲಕ್ಷ ಉಂಟಂತೆ. ವಿಡಿಯೋದಲ್ಲಿ ನೋಡಿದೆ. ಗ್ರೇಡಿಂಗ್ ಮಾಡಿಸಿದರೆ ಇನ್ನೂ ಜಾಸ್ತಿಯಂತೆ."

"ಯಾವುದಕ್ಕೆ?"

"ಅದೇ ಗೊತ್ತಾಗ್ಲಿಲ್ಲ."

ನಾನು ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂತವನು. ನಾಣ್ಯ ಕೂಡಿಡುವ ಚಟ ಅಲ್ಲೇ ಹತ್ತಿದ್ದು. ಇಂಥ ಡಬ್ಬಿಗಳು ವರ್ಷಕ್ಕೆ ಮೂರೋ ನಾಲ್ಕೋ ನನ್ನ ಜಗಲಿಗೆ ಬರುತ್ತವೆ. ನನ್ನ ಕೆಲಸ ಬೆಲೆಬಾಳುವ ನಾಣ್ಯ ಹುಡುಕುವುದಲ್ಲ. ಬೇಡದ್ದನ್ನು ಒಂದೊಂದೇ ಹೊರಗೆ ಹಾಕುವುದು. ಕೊನೆಗೆ ಏನಾದರೂ ಉಳಿದರೆ, ಅದನ್ನು ಗ್ರೇಡಿಂಗಿಗೆ ಕಳಿಸುವ ಮಾತು. ಗ್ರೇಡಿಂಗ್ ಅಂದರೆ ಫೀಸು ಕಟ್ಟಿ ಒಂದು ಕಂಪನಿಯಿಂದ ನಾಣ್ಯ ಅಸಲಿಯೋ, ಸ್ಥಿತಿ ಹೇಗಿದೆ ಎಂದು ನೋಡಿಸಿ, ಅಂಕ ಹಾಕಿಸಿ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ವಾಪಸ್ ಪಡೆಯುವುದು. ಆ ದಿನ ನಾವಿಬ್ಬರು ಹೇಗೆ ಮಾಡಿದೆವೋ ಅದೇ ಕ್ರಮದಲ್ಲಿ ಹೇಳುತ್ತೇನೆ.

ಮೊದಲು: ತೊಳೆಯಬೇಡಿ

ಹುಡುಗ ಡಬ್ಬಿ ತೆರೆದ ಕೂಡಲೇ ಕೇಳಿದ್ದು, "ಸ್ವಲ್ಪ ಹುಣಸೆಹುಳಿ ಉಂಟಾ ಮಾವ?" ಅಂತ. ನನ್ನ ಎದೆ ಧಸಕ್ಕೆಂದಿತು.

ಯಾಕೆಂದರೆ ನಾನೇ ಮಾಡಿದ ತಪ್ಪು ಅದು. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಒಂದು ರಾಣಿ ರೂಪಾಯಿ, ಅಂದರೆ ವಿಕ್ಟೋರಿಯಾ ರಾಣಿಯ ಮುಖದ ಬೆಳ್ಳಿ ರೂಪಾಯಿ ಇತ್ತು. ಕಪ್ಪಗಾಗಿತ್ತು. ಒಂದು ದೀಪಾವಳಿಗೆ ಲಕ್ಷ್ಮೀ ಪೂಜೆಗೆ ಇಡುವ ಮೊದಲು ಹುಣಸೆಹುಳಿ ಹಚ್ಚಿ, ತೆಂಗಿನ ನಾರಿನಲ್ಲಿ ಚೆನ್ನಾಗಿ ತಿಕ್ಕಿದೆ. ಕನ್ನಡಿಯ ಹಾಗೆ ಹೊಳೆಯಿತು. ಎಷ್ಟೋ ವರ್ಷದ ಮೇಲೆ ಭೂತಗನ್ನಡಿಯಲ್ಲಿ ನೋಡಿದಾಗ ರಾಣಿಯ ಕೆನ್ನೆಯ ತುಂಬಾ ಕೂದಲೆಳೆಯಂಥ ಗೀರು, ಎಲ್ಲವೂ ಒಂದೇ ದಿಕ್ಕಿಗೆ. ಆ ಗೀರನ್ನು ಯಾವ ದೇವರೂ ಅಳಿಸಲಾರ. ಇಂಥ ನಾಣ್ಯ ಗ್ರೇಡಿಂಗಿಗೆ ಹೋದರೆ ನಂಬರ್ ಸಿಗುವುದಿಲ್ಲ. 'ಕ್ಲೀನ್ಡ್' ಎಂದು ಬರೆದು, 'ಡೀಟೇಲ್ಸ್' ಎಂಬ ಹಣೆಪಟ್ಟಿ ಹಚ್ಚಿ ವಾಪಸ್ ಕಳಿಸುತ್ತಾರೆ. ಬೆಲೆ ಅಲ್ಲಿಗೇ ಕುಸಿಯುತ್ತದೆ.

ಹುಣಸೆಹುಳಿ, ಲಿಂಬೆ, ವಿಭೂತಿ, ಟೂತ್‌ಪೇಸ್ಟ್, ಬೆಳ್ಳಿ ತೊಳೆಯುವ ದ್ರಾವಣ ಯಾವುದೂ ಬೇಡ. ಬೆಳ್ಳಿ ಕಪ್ಪಗಾಗಿದ್ದರೆ ಆಗಿರಲಿ. ಅರಸಿನ ಕುಂಕುಮ ಅಂಟಿದ್ದರೂ ಹಾಗೇ ಇರಲಿ.

ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್. ಗ್ರಾಂನ ನೂರನೇ ಒಂದು ಭಾಗದವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ. ಅಗಲ ಅಳೆಯಲು ಪ್ಲಾಸ್ಟಿಕ್ಕಿನ ಕ್ಯಾಲಿಪರ್, ಸ್ಟೀಲಿನದ್ದು ಗೀರುತ್ತದೆ. ಒಂದು ಮ್ಯಾಗ್ನೆಟ್. ಬದಿಯಿಂದ ಬೆಳಕು ಬೀಳುವ ಹಾಗೆ ಇಡಬಹುದಾದ ಟೇಬಲ್ ಲ್ಯಾಂಪ್. ಕೆಳಗೆ ಹಾಸಲು ದಪ್ಪ ಬೈರಾಸು, ಕೈ ಜಾರಿದರೆ ನಾಣ್ಯ ನೆಲಕ್ಕೆ ಬೀಳಬಾರದಲ್ವಾ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಿರಿ. ಮುಖಕ್ಕೆ ಹೆಬ್ಬೆಟ್ಟು ತಾಗಿಸಬೇಡಿ. ನಮ್ಮ ಕರಾವಳಿಯ ಬೆವರಿನ ಗುರುತು ಸುಮ್ನೆ ಹೋಗುವುದಿಲ್ಲ.

ಕಸ ಹೊರಗೆ

43ರಲ್ಲಿ ಮೊದಲು ಹೊರಗೆ ಬಿದ್ದದ್ದು ಆರು. ಒಂದು ಬದಿಯಲ್ಲಿ ರಾಮ, ಸೀತೆ, ಹನುಮಂತ. ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ವರ್ಷ. ಕೆಲವದರಲ್ಲಿ 1616, 1717 ಅಂತಲೂ ಇರುತ್ತದೆ. ಕಂಪನಿ ಇಂಥ ನಾಣ್ಯ ಮಾಡಿಸಿದ್ದೇ ಇಲ್ಲ. ಇವು ಆಮೇಲೆ ಯಾರೋ ಅಚ್ಚು ಹಾಕಿದ ಬಿಲ್ಲೆಗಳು. 'ಅಕ್ಕಿ ಎಳೆಯುವ ನಾಣ್ಯ', 'ರೈಸ್ ಪುಲ್ಲರ್' ಎಂದು ಜನರಿಗೆ ಟೋಪಿ ಹಾಕುವವರ ಕೈಯಲ್ಲಿ ಹೆಚ್ಚಾಗಿ ಕಾಣುವುದೂ ಇವೇ. ಪೂಜೆಗೆ ಇಟ್ಟುಕೊಳ್ಳಿ, ತಪ್ಪಿಲ್ಲ.

ಆಮೇಲೆ ಗಣರಾಜ್ಯದ 17 ಚಿಲ್ಲರೆ. ವೈಷ್ಣೋದೇವಿಯ ಐದು ರೂಪಾಯಿ, ಖಡ್ಗಮೃಗದ 25 ಪೈಸೆ, ಇಂದಿರಾ ಗಾಂಧಿ ಮುಖದ್ದು. ಅವನ ವಿಡಿಯೋದವರು ಲಕ್ಷ ಹೇಳಿದ್ದು ಇಂಥದ್ದಕ್ಕೇ. 25 ಪೈಸೆ 2011ರ ಜೂನ್ 30ರಿಂದ ಚಲಾವಣೆಯಲ್ಲಿ ಇಲ್ಲ, ನಿಜ. ಚಲಾವಣೆ ನಿಂತದ್ದಕ್ಕೂ ಅಪರೂಪ ಆಗುವುದಕ್ಕೂ ಸಂಬಂಧ ಇಲ್ಲ. ಕೋಟಿಗಟ್ಟಲೆ ಅಚ್ಚಾಗಿವೆ. 1985ರ ಒಂದು ರೂಪಾಯಿಯ ವರ್ಷದ ಕೆಳಗೆ 'ಎಚ್' ಅಕ್ಷರ ಇದ್ದರೂ ಕುಣಿಯಬೇಡಿ. ಅದು ಇಂಗ್ಲೆಂಡಿನ ಹೀಟನ್ ಟಂಕಸಾಲೆಯಲ್ಲಿ ಮಾಡಿಸಿದ್ದು, ಧಾರಾಳ ಸಿಗುತ್ತದೆ.

ಇನ್ನೊಂದು ಮಾತು. "ನಿಮ್ಮ ನಾಣ್ಯ ನಾವು ಕೊಳ್ಳುತ್ತೇವೆ, ಮೊದಲು ರಿಜಿಸ್ಟ್ರೇಶನ್ ಫೀಸು ಕಟ್ಟಿ" ಎಂದು ಫೋನ್ ಬಂದರೆ ಇಟ್ಟುಬಿಡಿ. ತನ್ನ ಹೆಸರಿನಲ್ಲಿ ಹೀಗೆ ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟಿದೆ.

17ನ್ನು ಪಕ್ಕಕ್ಕೆ ಇಡುವ ಮೊದಲು ಒಂದೇ ಒಂದು ಪರೀಕ್ಷೆ. ನಾಣ್ಯವನ್ನು ಮೇಲೆ ಕೆಳಗೆ ಎರಡು ಬೆರಳಿನಲ್ಲಿ ಹಿಡಿದು ಬಾಗಿಲು ತಿರುಗಿಸಿದ ಹಾಗೆ ಎಡದಿಂದ ಬಲಕ್ಕೆ ತಿರುಗಿಸಿ. ನಮ್ಮ ನಾಣ್ಯಗಳಲ್ಲಿ ಹಿಂಬದಿಯೂ ನೆಟ್ಟಗೆ ಕಾಣಬೇಕು. ಅಡ್ಡ ಮಲಗಿದ್ದರೆ ಅಥವಾ ತಲೆಕೆಳಗಾಗಿದ್ದರೆ ಎತ್ತಿಡಿ, ಅಚ್ಚು ತಿರುಗಿದ ಎರರ್ ಅದು. ಸ್ವಲ್ಪ ವಾಲಿದ್ದಕ್ಕೆ ಯಾರೂ ಕಾಸು ಕೊಡುವುದಿಲ್ಲ. ನಮ್ಮ ಹದಿನೇಳೂ ನೆಟ್ಟಗೇ ಇದ್ದವು.

ವೆರೈಟಿ ಅಂದರೆ ಎಂತದು?

ಹುಡುಗ ಇದನ್ನು ಕೇಳಿದಾಗ ನನಗೆ ನೆನಪಾದದ್ದು ಬ್ಯಾಂಕಿನ ರಬ್ಬರ್ ಸೀಲು. ಸೀಲು ಕೊರೆಯುವಾಗಲೇ ಒಂದು ಚುಕ್ಕೆ ಜಾಸ್ತಿ ಬಿದ್ದರೆ, ಅದು ಒತ್ತಿದ ಪ್ರತಿ ಕಾಗದದಲ್ಲೂ ಆ ಚುಕ್ಕೆ ಬರುತ್ತದೆ. ಅದು ವೆರೈಟಿ. ಸೀಲು ಸರಿ ಇದ್ದು, ಒತ್ತುವಾಗ ಕೈ ಜಾರಿ ಅರ್ಧ ಮಾತ್ರ ಬಿದ್ದರೆ ಆ ಒಂದು ಕಾಗದ ಮಾತ್ರ ವಿಚಿತ್ರ. ಅದು ಎರರ್. ಒತ್ತಿ ಆದ ಮೇಲೆ ಕಾಗದದ ಮೇಲೆ ಚಾ ಚೆಲ್ಲಿದರೆ? ಅದು ಬರೀ ಡ್ಯಾಮೇಜ್. ಜನ ನನ್ನ ಹತ್ತಿರ ತರುವ 'ಎರರ್'ಗಳಲ್ಲಿ ಹೆಚ್ಚಿನವು ಚಾ ಚೆಲ್ಲಿದವು. ಕಲ್ಲಿನಲ್ಲಿ ಜಜ್ಜಿದ್ದು, ರೈಲು ಹಳಿಯ ಮೇಲೆ ಇಟ್ಟದ್ದು, ಬೆಂಕಿಯಲ್ಲಿ ಬಿದ್ದದ್ದು.

ವೆರೈಟಿ ಗುರುತಿಸಲು ಮೊದಲು ನಾಣ್ಯದ ಜಾತಕ ಬರೆದುಕೊಳ್ಳಿ: ಮೌಲ್ಯ, ವರ್ಷ, ಯಾವ ರಾಜ ಅಥವಾ ರಾಣಿ, ಯಾವ ಟಂಕಸಾಲೆ. ಗಣರಾಜ್ಯದ ನಾಣ್ಯದಲ್ಲಿ ವರ್ಷದ ಕೆಳಗೆ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಆದರೆ ಐದನೇ ಜಾರ್ಜನ ರೂಪಾಯಿಯಲ್ಲಿ ಚುಕ್ಕೆ ಅಂದರೆ ಮುಂಬೈ. ಇಲ್ಲಿ ತುಂಬಾ ಜನ ಮುಗ್ಗರಿಸುತ್ತಾರೆ. ಎರಡನೇ ಮಹಾಯುದ್ಧದ ಕಾಲದ ಕೆಲವು ನಾಣ್ಯಗಳಲ್ಲಿ 'ಎಲ್' ಕಾಣುತ್ತದೆ, ಅದು ಲಾಹೋರ್.

ಡಬ್ಬಿಯಲ್ಲಿ ಒಂಬತ್ತು ಒಟ್ಟೆ ಮುಕ್ಕಾಲು ಇದ್ದವು. 1943ರಿಂದ 1947ರವರೆಗೆ ಅಚ್ಚಾದ, ನಡುವೆ ತೂತಿನ ಕಂಚಿನ ಪೈಸೆ. ಇದರಲ್ಲೂ ಕಿರೀಟದ ಆಕಾರ, ಅಕ್ಷರದ ಜಾಗ ಎಂದೆಲ್ಲ ವೆರೈಟಿಗಳಿವೆ. ಹುಡುಗನಿಗೆ ಖುಷಿಯಾಯಿತು, ಸಾಲಾಗಿ ಜೋಡಿಸಿ ಹೋಲಿಸಿದ. ಆದರೆ ಒಂಬತ್ತೂ ಸವೆದು, ಉಪ್ಪುಗಾಳಿಗೆ ಹಸಿರು ಹಿಡಿದಿದ್ದವು. ವೆರೈಟಿ ಇದ್ದರೂ ಗ್ರೇಡಿಂಗಿಗೆ ಕಳಿಸುವ ಮುಖ ಅಲ್ಲ. ಆಲ್ಬಮ್ಮಿಗೆ ಹೋದವು.

ಉಳಿದದ್ದು ಹನ್ನೊಂದು ಬೆಳ್ಳಿ ರೂಪಾಯಿ.

ಅಸಲಿಯಾ?

ವೆರೈಟಿ ನೋಡುವ ಮೊದಲು ಇದು ಮುಗಿಯಬೇಕು. 1862ರಿಂದ 1939ರವರೆಗಿನ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇ. 91.7. ಅಗಲ ಸುಮಾರು 30.5 ಮಿಲಿಮೀಟರ್. ಕೈಕೈ ಬದಲಾಗಿ ಸವೆದಿದ್ದರೆ ಸ್ವಲ್ಪ ಕಡಿಮೆ ತೂಗಬಹುದು. ಆದರೆ ಸವೆಯದ ಮುಖ, ಕಡಿಮೆ ತೂಕ ಎರಡೂ ಒಟ್ಟಿಗೆ ಇದ್ದರೆ ಸಂಶಯ ಪಡಿ. ನಮ್ಮ ಹನ್ನೊಂದರಲ್ಲಿ ಒಂದು 10.4 ಗ್ರಾಂ ತೂಗಿತು, ಮೂಗು ಮಾತ್ರ ನಿನ್ನೆ ಮಾಡಿದ ಹಾಗೆ ಚೂಪು. ಇನ್ನೊಂದು ಮ್ಯಾಗ್ನೆಟ್ಟಿಗೆ ಟಪ್ ಎಂದು ಅಂಟಿತು. ಎರಡೂ ಹೊರಗೆ.

ಮ್ಯಾಗ್ನೆಟ್ ವಿಷಯದಲ್ಲಿ ಒಂದು ಎಚ್ಚರಿಕೆ. 1947ರ ಹುಲಿ ಇರುವ ರೂಪಾಯಿ ಅಂಟಿದರೆ ಅದು ನಕಲಿ ಅಲ್ಲ. ಅದು ನಿಕ್ಕಲಿನದ್ದು, ಅಂಟಲೇಬೇಕು. ಯಾವ ನಾಣ್ಯ ಯಾವ ಲೋಹ ಎಂದು ಗೊತ್ತಿಲ್ಲದೆ ಮ್ಯಾಗ್ನೆಟ್ ಹಿಡಿಯುವುದರಿಂದ ಪ್ರಯೋಜನ ಇಲ್ಲ.

ತೂಕ ಸರಿ ಇದ್ದೂ ಸಂಶಯ ಹೋಗದಿದ್ದರೆ ನೀರಿನ ಪರೀಕ್ಷೆ ಮಾಡಬಹುದು. ತಕ್ಕಡಿಯ ಮೇಲೆ ಒಂದು ಸಣ್ಣ ಲೋಟ ಡಿಸ್ಟಿಲ್ಡ್ ನೀರು ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳ್ಳಗಿನ ದಾರ ಸುತ್ತಿ, ತಳಕ್ಕೂ ಬದಿಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. 11.66 ಗ್ರಾಂನ ಒಳ್ಳೆ ಬೆಳ್ಳಿ ರೂಪಾಯಿಗೆ ಅದು 1.13 ಗ್ರಾಂ ಹತ್ತಿರ ಬರಬೇಕು. 1.3 ಮೇಲೆ ಹೋದರೆ ಒಳಗೆ ಬೇರೆ ಲೋಹ ಉಂಟು ಎಂದೇ ಲೆಕ್ಕ. ಆಮೇಲೆ ನಾಣ್ಯವನ್ನು ಒತ್ತಿ ಒಣಗಿಸಿ, ಉಜ್ಜಬೇಡಿ. ಹೊಳಪು ಇನ್ನೂ ಉಳಿದಿರುವ ನಾಣ್ಯಕ್ಕೆ ಈ ಪರೀಕ್ಷೆಯೇ ಬೇಡ. ಚಿನ್ನದ ಅಂಗಡಿಗೆ ಹೋಗಿ ಒರೆಗಲ್ಲಿಗೆ ಉಜ್ಜಿಸುವುದಂತೂ ಯಾವ ನಾಣ್ಯಕ್ಕೂ ಬೇಡ.

ಅಂಚನ್ನೂ ನೋಡಿ. ಎರಕ ಹೊಯ್ದ ನಕಲಿಗೆ ಅಂಚಿನ ಸುತ್ತ ಒಂದು ಸಣ್ಣ ಜೋಡಣೆ ಗೆರೆ, ಮೈಮೇಲೆ ನೀರುಗುಳ್ಳೆಯಂಥ ತೂತು ಕಾಣುತ್ತವೆ. 1939ರ ರೂಪಾಯಿ ಸಿಕ್ಕಿದರೆ ಅಂಚನ್ನು ಎರಡು ಸಲ ನೋಡಿ. ಆರನೇ ಜಾರ್ಜನ ಕಾಲದಲ್ಲಿ ಅದು ನಿಜಕ್ಕೂ ಅಪರೂಪ, ಹಾಗಾಗಿ ನಕಲಿಯೂ ಹೇರಳ. ಅದರ ಅಂಚಿನಲ್ಲಿ ನೇರ ಗೆರೆಗಳು ಮಾತ್ರ ಇರಬೇಕು. ನಡುವೆ ಹಳ್ಳ ತೋಡಿ ಚಿತ್ತಾರ ಹಾಕಿದ ಸೆಕ್ಯುರಿಟಿ ಅಂಚು ಇದ್ದರೆ ಅದು 1940ರಿಂದ ಈಚಿನ, ಅರ್ಧದಷ್ಟೇ ಬೆಳ್ಳಿ ಇರುವ ರೂಪಾಯಿ. ಅದರ ವರ್ಷವನ್ನು ಯಾರೋ ತಿದ್ದಿದ್ದಾರೆ. 1938ರ 8ನ್ನು 9 ಮಾಡಿದ್ದಾದರೆ ಅಂಚಿನಲ್ಲಿ ಸಿಗುವುದಿಲ್ಲ. ಆಗ ಕೊನೆಯ ಅಂಕಿಯ ಸುತ್ತಲಿನ ಬಯಲನ್ನು ಲೂಪಿನಲ್ಲಿ ನೋಡಬೇಕು, ಕೆರೆದ ಗುರುತು ಇದೆಯಾ ಎಂದು.

ಕಣ್ಣಿಟ್ಟು ನೋಡುವ ಹೊತ್ತು

ಒಂಬತ್ತು ಉಳಿದವು. ಒಂದರ ತಲೆಯ ಮೇಲೆ ಬೆಸುಗೆಯ ಗುರುತು, ಯಾವುದೋ ಕಾಲದಲ್ಲಿ ಸರಕ್ಕೆ ಪೋಣಿಸಿದ್ದು. ನಾಲ್ಕನ್ನು ಯಾರೋ ನನ್ನ ಹಾಗೇ ತಿಕ್ಕಿ ಹೊಳೆಯಿಸಿದ್ದರು. ಎರಡು ಏಳನೇ ಎಡ್ವರ್ಡ್ ರಾಜನ ರೂಪಾಯಿ, ಸಾಮಾನ್ಯ ವರ್ಷದವು, ಚೆನ್ನಾಗಿ ಸವೆದಿದ್ದವು. ಕೊನೆಗೆ ಮೇಜಿನ ಮೇಲೆ ಎರಡೇ: ಒಂದು 1862, ಒಂದು 1911.

1862 ಎಂದು ಕಂಡ ಕೂಡಲೇ ಅದು 1862ರಲ್ಲೇ ಅಚ್ಚಾದದ್ದು ಎಂದುಕೊಳ್ಳಬೇಡಿ. 1874ರಲ್ಲಿ ವರ್ಷ ಬದಲಿಸುವ ತನಕ ಅದೇ ವರ್ಷ ಹಾಕಿ ಅಚ್ಚು ಹೊಡೆದರು. ಮುಂಬೈಯವರು ನಡುವಿನ ವರ್ಷಗಳನ್ನು ತಿಳಿಸಲು ಸಣ್ಣ ಸಣ್ಣ ಚುಕ್ಕೆ ಇಟ್ಟರು. ನಾಣ್ಯದ ಹಿಂಬದಿಯಲ್ಲಿ 'ಒನ್' ಪದದ ಮೇಲೆ ಎಷ್ಟು, ವರ್ಷದ ಕೆಳಗೆ ಎಷ್ಟು ಎಂದು ಎಣಿಸಬೇಕು. ರಾಣಿಯ ಮುಖದಲ್ಲೂ ಹಿಂಬದಿಯ ಹೂಬಳ್ಳಿಯಲ್ಲೂ ಒಂದಕ್ಕಿಂತ ಹೆಚ್ಚು ಬಗೆ ಉಂಟು. ಮುಖ, ಬಳ್ಳಿ, ಚುಕ್ಕೆ ಮೂರೂ ಸೇರಿದಾಗಲೇ ಯಾವ ವೆರೈಟಿ ಎಂದು ಹೇಳಬಹುದು. ಅದಕ್ಕಿಂತ ಹಿಂದಿನ 1840ರ ಕಂಪನಿ ರೂಪಾಯಿಯೂ ಹೀಗೇ. ರಾಣಿಯ ತಲೆಯ ಮೇಲೆ ಹೆಸರು ಒಂದೇ ಸಾಲಾಗಿ ಸುತ್ತಿಕೊಂಡಿದೆಯೋ, ಎರಡು ಬದಿಗೆ ಒಡೆದಿದೆಯೋ ನೋಡಬೇಕು. ಆಮೇಲೆ ಹಿಂಬದಿಯ ಎಲೆಮಾಲೆಯಲ್ಲಿ ಹಣ್ಣು ಎಷ್ಟು ಎಂದು ಎಣಿಸಬೇಕು. ಹೌದು ಮಾರಾಯ್ರೆ, ಹಣ್ಣು ಎಣಿಸುವ ಜನ ಇದ್ದಾರೆ. ನಾನೂ ಒಬ್ಬ.

ಚುಕ್ಕೆ ಎಣಿಸುವಾಗ ಹುಡುಗ ಮೂರು ಎಂದ. ನನಗೆ ಎರಡೇ ಕಂಡವು. ಲ್ಯಾಂಪನ್ನು ಬದಿಗೆ ಬಗ್ಗಿಸಿ ನೋಡಿದೆವು. ಎರಡು ದುಂಡಗೆ, ಒಂದೇ ಎತ್ತರ, ನೆರಳೂ ಒಂದೇ ಅಳತೆ. ಮೂರನೆಯದ್ದು ಚಪ್ಪಟೆ, ಒಂದು ಬದಿ ಹರಿದ ಹಾಗೆ. ಅದು ಅಚ್ಚಿನಿಂದ ಒಂದು ಚೂರು ಹಾರಿದ್ದರಿಂದ ಬಂದ ಗುಳ್ಳೆ, ಬೇಕೆಂದು ಇಟ್ಟ ಚುಕ್ಕೆ ಅಲ್ಲ.

ಹೀಗೇ ಮೋಸ ಮಾಡುವ ಇನ್ನೊಂದು ಸಂಗತಿ 'ಡಬಲ್' ಅಕ್ಷರ. ಅಚ್ಚು ತಯಾರಿಸುವಾಗಲೇ ಎರಡು ಸಲ ಒತ್ತು ಬಿದ್ದರೆ ನಿಜವಾದ ಡಬಲ್ ಡೈ. ಅಕ್ಷರ ದಪ್ಪಗಾಗುತ್ತದೆ, ಎರಡೂ ಅಕ್ಷರ ಉಬ್ಬಿ ದುಂಡಗೆ ಇರುತ್ತವೆ, ಮೂಲೆಯಲ್ಲಿ ಸೀಳು ಕಾಣುತ್ತದೆ. ನಾಣ್ಯ ಹೊಡೆಯುವಾಗ ಅಚ್ಚು ಸ್ವಲ್ಪ ಜಾರಿದರೆ ಅದು ಮೆಷಿನ್ ಡಬ್ಲಿಂಗ್. ಅಲ್ಲಿ ಅಕ್ಷರದ ಬದಿ ಕೆರೆದು ಹೋಗಿ, ಕೆಳಗೆ ಚಪ್ಪಟೆ ಮೆಟ್ಟಿಲಿನ ಹಾಗೆ ಒಂದು ಪಟ್ಟಿ ಹೊಳೆಯುತ್ತದೆ, ಅಕ್ಷರ ತೆಳ್ಳಗಾಗುತ್ತದೆ. ಇದಕ್ಕೆ ಬೆಲೆ ಇಲ್ಲ. ದಪ್ಪ ಆಯಿತಾ, ತೆಳ್ಳಗೆ ಆಯಿತಾ ಎಂದು ಕೇಳಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

ಇನ್ನು 1911. ಐದನೇ ಜಾರ್ಜನ ಮೊದಲ ರೂಪಾಯಿ. ರಾಜನ ನಿಲುವಂಗಿಯ ಮೇಲೆ ಒಂದು ಸರ, ಅದರಲ್ಲಿ ಒಂದು ಆನೆ. ಕೆತ್ತಿದವರು ಸೊಂಡಿಲನ್ನು ಗಿಡ್ಡ ಮಾಡಿಬಿಟ್ಟರು. ಜನ ನೋಡಿ ಇದು ಹಂದಿ ಎಂದರು. ಗಲಾಟೆಯಾಯಿತು. ಅಚ್ಚಾದ ಸುಮಾರು 94 ಲಕ್ಷದಲ್ಲಿ 7 ಲಕ್ಷದಷ್ಟು ಮಾತ್ರ ಹೊರಗೆ ಹೋಗಿತ್ತು, ಉಳಿದದ್ದನ್ನು ಕರಗಿಸಿದರು. 1912ರಿಂದ ಆನೆಯನ್ನು ಸರಿಮಾಡಿದರು. ಹಾಗಾಗಿ ಇಲ್ಲಿ ಪರೀಕ್ಷೆ ಸುಲಭ: ವರ್ಷ 1911 ಎಂದಿದ್ದು ಆನೆಯ ಸೊಂಡಿಲು ಉದ್ದಕ್ಕೆ ಚಂದ ಇದ್ದರೆ, ಅದು 1912ನ್ನೋ 1917ನ್ನೋ ತಿದ್ದಿದ್ದು. ಲೂಪಿನಲ್ಲಿ ನೋಡಿದೆವು. ನಮ್ಮದರಲ್ಲಿ ಹಂದಿಯೇ. ಹುಡುಗ ನಕ್ಕದ್ದೇ ನಕ್ಕದ್ದು.

ಕಣ್ಣು ಪಳಗಬೇಕಾದರೆ ಅಸಲಿ ನಾಣ್ಯ ಜಾಸ್ತಿ ನೋಡಬೇಕು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಕಾರ್ಪೊರೇಶನ್ ಬ್ಯಾಂಕ್ ಮಾಡಿದ ನಾಣ್ಯ ಸಂಗ್ರಹಾಲಯ ಉಂಟು. ಮಂಗಳೂರಿನ ಅಲೋಶಿಯಸ್ ಕಾಲೇಜಿನ ಅಲೋಶಿಯಂ ಸಂಗ್ರಹಾಲಯದಲ್ಲೂ ನಾಣ್ಯಗಳಿವೆ. ಒಂದು ಮಧ್ಯಾಹ್ನ ಹೋಗಿ ಬನ್ನಿ. ಅಂದ ಹಾಗೆ, ನಮ್ಮ ತುಳುನಾಡನ್ನು ಆಳಿದ ಆಳುಪರ ಚಿನ್ನದ ನಾಣ್ಯದಲ್ಲಿ ಜೋಡಿ ಮೀನು ಇರುತ್ತದೆ. ಅಂಥದ್ದು ತೋಟ ಅಗೆಯುವಾಗ ಸಿಕ್ಕಿದರೆ ಗ್ರೇಡಿಂಗ್ ಯೋಚನೆ ಬಿಡಿ. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ಕಾನೂನೇ ಹಾಗಿದೆ.

ಸ್ಥಿತಿ ಹೇಗಿದೆ?

ಗ್ರೇಡಿಂಗ್ ಕಂಪನಿಗಳು 1ರಿಂದ 70ರವರೆಗೆ ಅಂಕ ಕೊಡುತ್ತವೆ. 60 ಮತ್ತು ಅದಕ್ಕಿಂತ ಮೇಲಿನದ್ದು ಚಲಾವಣೆಗೆ ಹೋಗದ ನಾಣ್ಯ. ಮನೆಯಲ್ಲಿ ನಾವು ನಿಖರ ಅಂಕ ಹೇಳಲು ಆಗುವುದಿಲ್ಲ. ಆದರೆ ಸವೆದಿದೆಯಾ ಇಲ್ಲವಾ ಎಂದು ಹೇಳಬಹುದು. ಎತ್ತರದ ಜಾಗ ಮೊದಲು ಸವೆಯುತ್ತದೆ: ರಾಣಿಯ ಕೆನ್ನೆ ಮತ್ತು ಕಿವಿಯ ಮೇಲಿನ ಕೂದಲು, ರಾಜನ ಕಿರೀಟ, ಕಿವಿ, ನಿಲುವಂಗಿಯ ಕಸೂತಿ. ಆಮೇಲೆ ನಾಣ್ಯವನ್ನು ದೀಪದ ಕೆಳಗೆ ನಿಧಾನ ವಾಲಿಸಿ. ಅಸಲಿ ಹೊಳಪು ಎತ್ತಿನ ಗಾಡಿಯ ಚಕ್ರದ ಕಡ್ಡಿಗಳ ಹಾಗೆ ಸುತ್ತ ತಿರುಗುತ್ತದೆ. ತಿಕ್ಕಿದ ಹೊಳಪು ಸ್ಟೀಲ್ ತಟ್ಟೆಯ ಹಾಗೆ ಒಂದೇ ಸಮ ಮಿಂಚುತ್ತದೆ, ತಿರುಗುವುದಿಲ್ಲ.

1862ರ ರಾಣಿಯ ಕೂದಲು ಕೆನ್ನೆಗೆ ಸೇರಿಹೋಗಿತ್ತು. 1911ರ ರಾಜನ ಕಿವಿ ಪೂರ್ತಿ ಇತ್ತು, ಅಕ್ಷರಗಳ ನಡುವೆ ಚಕ್ರ ತಿರುಗಿತು.

ಕೊನೆಗೆ ಲೆಕ್ಕ

ಬೆಲೆ ನೋಡುವಾಗ ಮಾರುವವರು ಕೇಳುವ ಬೆಲೆ ನೋಡಬೇಡಿ. ಕೇಳುವುದಕ್ಕೆ ಎಂತ, ಯಾರು ಎಷ್ಟೂ ಕೇಳಬಹುದು. ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶದಲ್ಲಿ ಅದೇ ವೆರೈಟಿ, ಅದೇ ಸ್ಥಿತಿಯ ನಾಣ್ಯ ಎಷ್ಟಕ್ಕೆ ಹೋಯಿತು ಎಂದು ಮೂರು ನಾಲ್ಕು ಕಡೆ ನೋಡಿ. ಗ್ರೇಡ್ ಆದದ್ದು ಎಷ್ಟು, ಆಗದ್ದು ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಗ್ರೇಡಿಂಗ್ ಫೀಸು, ವೆರೈಟಿ ಹೆಸರು ಹಾಕಿಸುವ ಹೆಚ್ಚುವರಿ ಫೀಸು, ಹೋಗುವ ಬರುವ ಕೊರಿಯರ್, ವಿಮೆ ಎಲ್ಲ ಕೂಡಿಸಿ. ಆ ಎರಡು ಬೆಲೆಗಳ ನಡುವಿನ ಅಂತರ ನಿಮ್ಮ ಖರ್ಚಿನ ಎರಡರಷ್ಟಾದರೂ ಇಲ್ಲದಿದ್ದರೆ ನಾನು ಕಳಿಸುವುದಿಲ್ಲ. ಅಂದುಕೊಂಡದ್ದಕ್ಕಿಂತ ಒಂದೆರಡು ಅಂಕ ಕಡಿಮೆ ಬರುವುದು ಮಾಮೂಲು. ಅಸಲಿಯೋ ನಕಲಿಯೋ ಎಂಬುದೇ ಪ್ರಶ್ನೆ ಆಗಿರುವ 1939ರಂಥ ನಾಣ್ಯಕ್ಕೆ ಮಾತ್ರ ಈ ಲೆಕ್ಕ ಬೇಡ. ಗ್ರೇಡ್ ಇಲ್ಲದೆ ಅದನ್ನು ಯಾರೂ ನಂಬುವುದಿಲ್ಲ.

ಇಲ್ಲಿ ಒಂದು ದೊಡ್ಡ ಗುಂಡಿ ಉಂಟು. ಪಿಸಿಜಿಎಸ್, ಎನ್‌ಜಿಸಿ ಎರಡೂ ಅಮೆರಿಕದ ಗ್ರೇಡಿಂಗ್ ಕಂಪನಿಗಳು. ನಮ್ಮ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ನೀವಾಗಿ ದೇಶದ ಹೊರಗೆ ಕಳಿಸುವ ಹಾಗಿಲ್ಲ. 1862, 1911 ಎರಡೂ ಆ ಲೆಕ್ಕಕ್ಕೆ ಬರುತ್ತವೆ. "ನಾವು ಕಳಿಸಿ ಕೊಡುತ್ತೇವೆ ಸಾರ್" ಎನ್ನುವ ಏಜೆಂಟರನ್ನು ಕೇಳಿ: ನಾಣ್ಯವನ್ನು ಯಾವ ಊರಲ್ಲಿ ಕೂತು ಗ್ರೇಡ್ ಮಾಡುತ್ತಾರೆ? ಗಡಿ ದಾಟುತ್ತದೆ ಎಂದಾದರೆ ಬೇಡ. ದೇಶದೊಳಗೇ ಆಗುವುದಾದರೆ ಮಾತ್ರ ಮುಂದೆ ಹೋಗಿ, ಅದನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಕಳಿಸುವ ಮೊದಲು ಎರಡೂ ಬದಿಯ ಮತ್ತು ಅಂಚಿನ ಫೋಟೋ ತೆಗೆಯಿರಿ, ತೂಕ ಬರೆದಿಡಿ. ಮೆದು ಪಿವಿಸಿ ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ. ನಮ್ಮ ಸೆಖೆಗೆ ಅದು ಹಾಳಾಗಿ ನಾಣ್ಯದ ಮೇಲೆ ಅಂಟು ಅಂಟು ಹಸಿರು ಬಿಡುತ್ತದೆ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಇಡಿ. ಫಾರಮ್ಮಿನಲ್ಲಿ ವೆರೈಟಿ ಎಂಬ ಕಲಮು ಖಾಲಿ ಬಿಟ್ಟರೆ ಕೆಲವು ಕಡೆ ಅವರಾಗಿ ಹುಡುಕುವುದಿಲ್ಲ, ನೀವೇ ಬರೆಯಬೇಕು. ನಾಣ್ಯ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ವಾಪಸ್ ಬಂದಾಗ ಅದರ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಫೋಟೋ ತಾಳೆ ನೋಡಿ. ಪೆಟ್ಟಿಗೆಯನ್ನೇ ನಕಲಿ ಮಾಡುವವರೂ ಇದ್ದಾರೆ.

1862ರ ಲೆಕ್ಕ ಹಾಕಿದಾಗ ಖರ್ಚೇ ಜಾಸ್ತಿ ಆಯಿತು. ಅದು ಅಜ್ಜಿಯ ಡಬ್ಬಿಗೆ ಮರಳಿತು, ಈ ಸಲ ಕಾಗದದ ಲಕೋಟೆಯಲ್ಲಿ. 1911ರದ್ದನ್ನು ಕಳಿಸುವ ಎಂದು ನಿಶ್ಚಯ ಮಾಡಿದೆವು. ಹುಡುಗ ಫಾರಮ್ ತುಂಬುತ್ತಾ ವೆರೈಟಿ ಕಲಮಿಗೆ ಬಂದು ಪೆನ್ನು ನಿಲ್ಲಿಸಿದ.

"ಮಾವ, ಇಲ್ಲಿ ಹಂದಿ ಅಂತಲೇ ಬರೀಬೇಕಾ?"

"ಹೌದು, ಹಂದಿ ಅಂತಲೇ ಬರಿ."